ಅರೆಹೊಟ್ಟೆಯ ಓಟ

ಯಂಕಂಚಿ, ತಾ. ಸಿಂದಗಿ
೯ ನವೆಂಬರ್ ೨೦೨೫

ಪ್ರೀತಿಯ ಗೌತಮಿ,

ಹೆಂಗದಿ? ಇಂಡಿಯೊಳಗ ನಿಮ್ಮ ತಾಯಿ ರುಕ್ಮಿಣೀಬಾಯಿ ಅವರು ಆರಾಮ ಅದಾರಂತ ತಿಳೀತೇನಿ. ದವಾಖಾನಿಗೆ ಬಂದು ಹೋದ ಮ್ಯಾಲೆ ನೀ ಎಷ್ಟೋ ಮೆಸೇಜ್ ಹಾಕಿದಿ, ನಾ ಒಂದಕ್ಕೂ ಉತ್ತರ ಕೊಡಲಿಲ್ಲ. ಸಿಟ್ಟಾಗಬ್ಯಾಡ. ಫೋನ್ ಹಚ್ಚಿದ್ರ ಅವ್ವ ಬಾಜೂಕ ಕುಂತು ಕೇಳ್ತಾಳ. ಇದನ್ನ ಆಕಿ ಮುಂದ ಆಡಾಕಾಗೂದಿಲ್ಲ, ಅದಕ್ಕ ಕಾಗದ.

ತೊಡಿ ಎಲುಬಿಗೆ ರಾಡ್ ಹಾಕ್ಯಾರ. ಕೋಲು ಹಿಡಕೊಂಡು ಅಂಗಳದ ತನಕ ಹೋಗಿ ಬರ್ತೇನಿ. ಎಡಗಾಲು ಗಿಡ್ಡ ಆಗೈತಿ, ಇನ್ನ ಹಂಗೇ ಇರೂದಂತ. ಮನ್ಯಾಗ ಯಾರೂ ಪೊಲೀಸ್ ಕೆಲಸದ ಮಾತು ತೆಗಿಯಂಗಿಲ್ಲ. ನನ್ನ ಓಟದ ಬೂಟು ಕಣ್ಣಿಗೆ ಬೀಳಬಾರದಂತ ಅಪ್ಪ ಎಲ್ಲೋ ಒಯ್ದಿಟ್ಟಾನ.

ಪೊಲೀಸ್ ಓಟದ ಪರೀಕ್ಷಾದಾಗ ನೀ ಆಗಲೇ ಗೆರಿ ದಾಟಿದ್ದಿ, ನಾ ಹಿಂದಿದ್ದೆ. ಯಾರೂ ದೂಡಲಿಲ್ಲ, ಕಲ್ಲು ಎಡವಲಿಲ್ಲ. ಓಡ್ತಾ ಓಡ್ತಾ ಎಲುಬು ಮುರೀತು. ಆ ಸಪ್ಪಳ ಇನ್ನೂ ಕಿವ್ಯಾಗ ಐತಿ.

ದವಾಖಾನಿಯಿಂದ ನೀ ಹೋದ ಮ್ಯಾಲೆ ಡಾಕ್ಟರ್‌ಬಾಯಿ ಬಂದು, “ಮುಟ್ಟು ನಿಂತು ಎಷ್ಟು ದಿನ ಆತು?” ಅಂತ ಕೇಳಿದ್ರು. “ಭಾಳ ತಿಂಗಳಾತ್ರಿ” ಅಂದೆ. ಅವ್ವ ನನ್ನ ಮಾರಿ ನೋಡಲಿಲ್ಲ ಗೌತಮಿ, ಹೊಟ್ಟಿ ನೋಡಿದ್ಲು.

ಡಾಕ್ಟರ್‌ಬಾಯಿಗೆ ತಿಳೀತು. “ಶಂಕ್ರೆವ್ವಾ, ನೀವು ತಿಳಕೊಂಡಂಗೇನಿಲ್ಲ. ಹುಡುಗಿ ಹೊಟ್ಟಿತುಂಬ ಉಂಡಿಲ್ಲ. ಓಡಾಕ ಬೇಕಾದಷ್ಟು ಊಟ ಸಿಗ್ಲಿಲ್ಲಂದ್ರ ಮೈ ಮೊದಲ ಮುಟ್ಟು ನಿಲ್ಲಸ್ತೈತಿ, ಆಮ್ಯಾಲೆ ಎಲುಬಿಗೆ ಕೈ ಹಾಕ್ತೈತಿ” ಅಂದ್ರು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಹೊರಗ ಹೋದ್ಲು.

ಓಟದ ತಯಾರಿಗಂತ ಹಿಡಿದಿದ್ದ ಮುದ್ದೇಬಿಹಾಳದ ರೂಮಿನ್ಯಾಗ ನಾವು ತಿಂದದ್ದಾದ್ರೂ ಏನು? ಮುಂಜಾನೆ ಚಹಾ-ಖಾರಿ ಬಿಸ್ಕೀಟು, ಮಧ್ಯಾಹ್ನ ಅನ್ನ-ಉಪ್ಪಿನಕಾಯಿ, ಸಂಜಿಕ ಚುರಮುರಿ. ಹೊಟ್ಟಿ ತುಂಬಿದ್ರ ಕಾಲು ಭಾರ ಆಗ್ತಾವಂತ ಮೊಬೈಲಿನ್ಯಾಗ ಯಾವನೋ ಹೇಳಿದ್ದನ್ನ ನಂಬಿದ್ವಿ. ಮನಿ ಮಾಲಕಿ ಜೋಹರಾಬಿ ಬಾಗಿಲಿಗೆ ನಿಂತು, “ಏ ಹುಡುಗ್ಯಾರ, ನಿಮ್ಮ ಒಲಿ ಹತ್ತಿದ್ದ ನೋಡಿಲ್ಲಲ್ಲ ನಾನು” ಅಂದ್ರ ಇಬ್ಬರೂ ನಗತಿದ್ವಿ. ತೊಡಿ ಸಂದಿ ನೋಯಾಕ ಹತ್ತಿದಾಗ ಗುಳಿಗಿ ನುಂಗಿ ಮತ್ತ ಓಡಿದೆ.

ನೀ ಇನ್ನೂ ಮನಿ ಬಿಟ್ಟು ಇರಾಕಿ, ಅದಕ್ಕ ಹೇಳ್ತೇನಿ. ಬರೇ ಹೊಟ್ಟೀಲೆ ಓಡಬ್ಯಾಡ, ಒಂದು ಬಾಳಿಹಣ್ಣರ ತಿನ್ನು. ರೊಟ್ಟಿ-ಅನ್ನ ಬಿಡಬ್ಯಾಡ, ಓಡಾಕ ಅದರದ ಬಲ. ಬ್ಯಾಳಿ ಗಟ್ಟಿ ಮಾಡು, ತಿಳಿಸಾರು ಸಾಲೂದಿಲ್ಲ. ನೀ ತತ್ತಿ ಮುಟ್ಟಾಂಗಿಲ್ಲ, ಹಂಗಾರ ಮೊಳಕಿ ಕಟ್ಟಿದ ಮಡಿಕಿಕಾಳು, ಶೇಂಗಾ, ಹಾಲು, ಮೊಸರು ದಿನಾ ಇರಲಿ. ಮೆಂತೆಪಲ್ಲೆ ಮ್ಯಾಲೆ ನಿಮ್ಮ ಇಂಡಿ ನಿಂಬಿಹಣ್ಣು ಹಿಂಡು, ರಕ್ತ ಆಗಾಕ ಛಲೋ ಅಂತ. ದಣದು ಬಂದಾಗ ಬ್ಯಾಸರ ಆಗ್ತೈತಿ, ನನಗೂ ಗೊತ್ತು. ಆದ್ರೂ ಒಲಿ ಹಚ್ಚು.

ಇನ್ನೊಂದು. ನಿನ್ನ ಮುಟ್ಟೂ ತಪ್ಪಿತ್ತಲ್ಲ, ನಾವಿಬ್ಬರೂ ಅದನ್ನ ಛಲೋ ಆತು ಅಂದಿದ್ವಿ. ನಾಚಬ್ಯಾಡ, ಡಾಕ್ಟರಿಗೆ ತೋರಸು. ನಿಮ್ಮವ್ವ ನಮ್ಮವ್ವನಂಗ ನಿನ್ನ ನೋಡೂದು ಬ್ಯಾಡ.

ನಿನ್ನ ಕಾಲು ಗಟ್ಟಿ ಇರಲಿ, ಹೊಟ್ಟಿ ತಣ್ಣಗಿರಲಿ.

ನಿನ್ನ
ರಾಜಶ್ರೀ

ತಾ.ಕ.: ನೀ ಸೆಲೆಕ್ಟ್ ಆದ ಸುದ್ದಿ ಜೋಹರಾಬಿ ಫೋನ್ ಮಾಡಿ ಹೇಳಿದ್ಲು. ಓಣಿಗೆಲ್ಲಾ ಪೇಢೆ ಹಂಚಿದಿಯಂತ. ನನಗ ಯಾಕ ಹೇಳಲಿಲ್ಲ? ನಾ ಅಳ್ತೇನಿ ಅಂತನಾ? ನಾ ಅತ್ತದ್ದು ಖರೆ. ಕಾಲು ಮುರದಾಗೂ ಅಷ್ಟು ಅತ್ತಿರಲಿಲ್ಲ. ಟ್ರೇನಿಂಗ್‌ಗೆ ಕಲಬುರ್ಗಿಗೆ ಹೋಗೂ ಮುಂದ ಸಿಂದಗಿ ಮ್ಯಾಲೇ ಹೋಗ್ತಿ. ಇಳಿದು ಬಾ. ಬರಾಕ ಮನಸ್ಸಿಲ್ಲಂದ್ರ ಬರಬ್ಯಾಡ. ಆದ್ರ ನೀ ದಾಟಿ ಹೋದದ್ದೂ ನನಗ ಬ್ಯಾರೆಯವರ ಬಾಯಿಂದ ತಿಳೀಬಾರದು.