ಮಾತು ಬಿಟ್ಟ ಮಗುವಿನ ಪ್ರಶ್ನೆ

ಅಪ್ಪಾ, ನಾನು ಪಾಸಾದೆ, ಟೀಚರ್ ಅರ್ಹತಾ ಪರೀಕ್ಷೆಯಲ್ಲಿ ಪಾಸಾದೆ, ಅದೂ ಕನ್ನಡ ಪೇಪರ್ ಸಮೇತ! ನೀವು ಬಾರದ ನನ್ನ ಮದುವೆಯ ನಂತರ ನನ್ನ ಒಂದು ಕಾಗದವನ್ನೂ ನೀವು ಒಡೆದಿಲ್ಲ ಎಂದು ಅಮ್ಮ ಹೇಳಿದಳು. ಹಾಗಾಗಿ ಇದನ್ನು ಕಳಿಸುವುದಿಲ್ಲ. ಆದರೆ ಬರೆಯದೆ ಕೂರಲೂ ಆಗುತ್ತಿಲ್ಲ. ಬೆಳಗಿನಿಂದ ಎರಡು ಸಲ ಹಾಲು ಉಕ್ಕಿಸಿದ್ದೇನೆ.

ಫಲಿತಾಂಶ ನೋಡಿ ನಾನು ಕಿರುಚಿದ್ದಕ್ಕೆ ಇವರು ಮುಖದ ತುಂಬ ಶೇವಿಂಗ್ ನೊರೆ ಇಟ್ಟುಕೊಂಡೇ ಓಡಿಬಂದರು.

"ಇಂಗ್ಲಿಷ್ ಮೀಡಿಯಂ ಮೇಡಮ್ಮು ಒತ್ತಕ್ಷರ ನುಂಗಿದ್ದು ಯಾರಿಗೂ ಗೊತ್ತಾಗ್ಲಿಲ್ವಾ?"

"ಲೋ, ಮೊದ್ಲು ಮುಖ ತೊಳ್ಕೊ. ನನ್ನ ಸೊಸೇನ ಆಡ್ಕೋಬೇಡ" ಎಂದು ಅತ್ತೆ ಗದರಿದರು.

ಒಂದು ಪ್ರಶ್ನೆಯನ್ನು ಮಾತ್ರ ನಿಮಗೆ ಹೇಳಲೇಬೇಕು. ತರಗತಿಯಲ್ಲಿ ಒಂದು ಮಗು ಮುನಿಸಿಕೊಂಡು ಮಾತು ಬಿಟ್ಟಿದೆ. ಶಿಕ್ಷಕಿ ಏನು ಮಾಡಬೇಕು? 'ತಾನಾಗಿ ಮಾತಾಡುವವರೆಗೆ ಕಾಯಬೇಕು' ಎಂಬ ಉತ್ತರಕ್ಕೆ ಗುರುತು ಹಾಕಲು ಹೋದವಳು ಅಲ್ಲೇ ತಡೆದೆ. ಮದುವೆಯಾದಾಗಿನಿಂದ ನಾನು ಮಾಡುತ್ತಿರುವುದೂ ಅದೇ ಅಲ್ಲವೇ! 'ಪಕ್ಕದಲ್ಲಿ ಹೋಗಿ ಕೂರಬೇಕು' ಎಂಬುದಕ್ಕೆ ಗುರುತು ಹಾಕಿದೆ. ಅದೇ ಸರಿಯುತ್ತರವಂತೆ. ಅಷ್ಟು ವರ್ಷ ಮಕ್ಕಳಿಗೆ ಪಾಠ ಹೇಳಿದ ನಿಮಗೆ ಇದು ಗೊತ್ತೇ ಇರುತ್ತದೆ.

ನಿಮ್ಮನ್ನು ನೋಡಲು ಊರಿಗೆ ಹೊರಡುತ್ತೇನೆ ಎಂದಾಗ, "ನಾನೂ ಬರ್ಲಾ?" ಎಂದು ಇವರು ಮೆಲ್ಲಗೆ ಕೇಳಿದರು.

"ಈ ಸಲ ಬೇಡ ಕಣ್ರೀ. ಮೊದ್ಲು ನಾನೊಬ್ಳೇ ಹೋಗಿ ಬೈಸ್ಕೊಂಡು ಬರ್ತೀನಿ."

ಬೈದರೂ ಸರಿ ಅಪ್ಪಾ, ಬೈಯುವುದೂ ಮಾತೇ. ನೀವು ಬಾಯಿ ಬಿಡದಿದ್ದರೂ ಸರಿ, ಸಂಜೆಯವರೆಗೆ ಪಕ್ಕದ ಕುರ್ಚಿ ಬಿಟ್ಟು ಏಳುವುದಿಲ್ಲ. ಟಿಕೆಟ್ ತೆಗೆಸಿಯಾಗಿದೆ: ಈ ಭಾನುವಾರ, ಬೆಳಗಿನ ರೈಲು.