ಸೋಮವಾರದ ಉಪವಾಸಕ್ಕೆ ಎರಡು ಸಲ ಸ್ಕ್ಯಾನಿಂಗ್

ಖಾಸಗಿ ಪಶುಚಿಕಿತ್ಸಾಲಯಗಳಿಗೆ ಪರವಾನಗಿ ಕೊಡುವ ಮಾನ್ಯ ಅಧಿಕಾರಿಗಳೇ,

ನಮ್ಮ ನಾಯಿ ಒಂದು ಹಗಲು ಊಟ ಬಿಟ್ಟಿದ್ದಕ್ಕೆ ಬಸವೇಶ್ವರನಗರದ ಒಂದು ಕ್ಲಿನಿಕ್ಕಿನವರು ಅದರ ಹೊಟ್ಟೆ ಕೊಯ್ಯಲು ಹೊರಟಿದ್ದರು. ಕೊಯ್ಯಲಿಲ್ಲ ಎನ್ನುವುದು ನಿಜ. ಆದರೆ ಕೊಯ್ಯುವ ತಯಾರಿಗೆಂದೇ ನನ್ನ ತಿಂಗಳ ಸಂಬಳದ ಮುಕ್ಕಾಲು ಪಾಲು ಕರಗಿತು. ಅಷ್ಟು ಕೊಟ್ಟವನಿಗೆ ಒಂದು ಉದ್ದನೆಯ ಪತ್ರ ಬರೆಯುವ ಹಕ್ಕಾದರೂ ಇರಬೇಕಲ್ಲವೇ?

ನಾಯಿಯ ಹೆಸರು ಜೋಳ. ಆರು ವರ್ಷದ ಹಿಂದೆ ಹೇರೋಹಳ್ಳಿ ಕೆರೆ ಏರಿಯ ಮೇಲೆ ಸಿಕ್ಕ ಬೀದಿಮರಿ. ಬಣ್ಣ ನೋಡಿ ಆ ಹೆಸರಿಟ್ಟವಳು ನಮ್ಮ ಅವ್ವ ಶಿವಗಂಗಮ್ಮ, ದಾವಣಗೆರೆ ಕಡೆಯವಳು, ಎಪ್ಪತ್ತಾರು ವರ್ಷ. ನಾವೆಲ್ಲ ಬ್ಯಾಂಕು, ಶಾಲೆ, ಕಾಲೇಜು ಎಂದು ಹೊರಟ ಮೇಲೆ ಮನೆಯಲ್ಲಿ ಇವರಿಬ್ಬರದೇ ದರಬಾರು. ಹೋದ ತಿಂಗಳ ಒಂದು ಸೋಮವಾರ ನನಗೆ ರಜೆ ಇತ್ತು. ಅವ್ವ ಬೆಳಿಗ್ಗೆಯೇ ಪೂಜೆ ಮುಗಿಸಿ ಉಲ್ಲಾಳದಲ್ಲಿರುವ ನನ್ನ ತಂಗಿಯ ಮನೆಗೆ ಹೋಗಿದ್ದಳು. ಹತ್ತು ಗಂಟೆಗೆ ನಾನೇ ಹಾಲಲ್ಲಿ ರೊಟ್ಟಿ ನೆನೆಸಿ ಇಟ್ಟೆ. ಜೋಳ ಮೂಸಿ ನೋಡಿ ಮುಖ ತಿರುಗಿಸಿತು. ಬಿಸ್ಕತ್ತು ಕೊಟ್ಟರೂ ಬೇಡ, ಅಂಗಡಿಯಿಂದ ತಂದ ದುಬಾರಿ ನಾಯಿತಿಂಡಿಯೂ ಬೇಡ. ಮಧ್ಯಾಹ್ನದವರೆಗೂ ಗೇಟಿನ ಕಡೆ ಮುಖ ಮಾಡಿ ಮಲಗಿತ್ತು. ಅವ್ವನಿಗೆ ಸಕ್ಕರೆ ಕಾಯಿಲೆ, ಬಿ.ಪಿ. ಎರಡೂ ಇವೆ, ಸುಮ್ಮನೆ ಗಾಬರಿಯಾಗುತ್ತಾಳೆ ಎಂದು ಫೋನ್ ಮಾಡದೆ ನಾಯಿಯನ್ನು ಆಟೋಗೆ ಹಾಕಿಕೊಂಡು ಹೊರಟೆ.

ಮಾನ್ಯರೇ, ಆ ಕ್ಲಿನಿಕ್ಕಿನ ಆತಿಥ್ಯಕ್ಕೆ ಮಾತ್ರ ಹೆಸರಿಡುವಂತಿಲ್ಲ. ನನ್ನನ್ನು ‘ಜೋಳ ಪಪ್ಪ’ ಎಂದು ಕರೆದು, ಎ.ಸಿ. ಕೋಣೆಯಲ್ಲಿ ಕೂರಿಸಿ ಕಾಫಿ ಕೊಟ್ಟರು. ನನ್ನ ಇ-ಮೇಲ್ ಕೇಳಿದರು. ಬೀದಿಮರಿಯ ಹುಟ್ಟಿದ ತಾರೀಖು ಕೇಳಿದರು. ಆಮೇಲೆ ರಕ್ತಪರೀಕ್ಷೆ. ಅದರಲ್ಲಿ ಏನೂ ಸಿಗಲಿಲ್ಲ, ಆದ್ದರಿಂದ ಎಕ್ಸ್‌ರೇ. ಅದರಲ್ಲೂ ಏನೂ ಸಿಗಲಿಲ್ಲ, ಆದ್ದರಿಂದ ಸ್ಕ್ಯಾನಿಂಗ್. ಉಪವಾಸವಿದ್ದ ನಾಯಿಯ ಹೊಟ್ಟೆ ಖಾಲಿ ಇದೆ ಎಂದು ಕಂಡುಹಿಡಿಯಲು ಇಷ್ಟೊಂದು ಯಂತ್ರಗಳು ಬೇಕೇ? ಎರಡನೇ ಸ್ಕ್ಯಾನಿನಲ್ಲಿ ಒಂದು ನೆರಳು ಕಂಡಿತಂತೆ. ಅದು ನುಂಗಿದ ಕಾಲುಚೀಲವೂ ಇರಬಹುದು, ಬರೀ ಗಾಳಿಯೂ ಇರಬಹುದು, ತೆರೆದು ನೋಡಿದರೆ ಗೊತ್ತಾಗುತ್ತದೆ ಎಂದರು ಡಾಕ್ಟರು. ಗಾಳಿಯಾದರೆ ತಾನಾಗಿಯೇ ಹೋಗುವುದಿಲ್ಲವೇ, ನಾಳೆಯವರೆಗೆ ಕಾಯೋಣವೇ ಎಂದು ಮೆಲ್ಲಗೆ ಕೇಳಿದೆ.

“ನಿಮ್ಮ ಸ್ವಂತ ಮಗು ಆಗಿದ್ರೆ ಹೀಗೆ ಕಾಯ್ತಿದ್ರಾ ಸಾರ್?” ಎಂದರು.

ನನ್ನ ಸ್ವಂತ ಮಗಳು ವಚನಾ ಪಲ್ಯ ಸರಿಯಿಲ್ಲವೆಂದು ವಾರಕ್ಕೆ ಮೂರು ದಿನ ಊಟ ಬಿಡುತ್ತಾಳೆ, ಅವಳಿಗೆ ಈವರೆಗೆ ಒಂದು ಎಕ್ಸ್‌ರೇ ಕೂಡ ತೆಗೆಸಿಲ್ಲ. ಇದನ್ನು ಅಲ್ಲಿ ಹೇಳಬೇಕಿತ್ತು. ಆದರೆ ಒಳಗೆ ಡ್ರಿಪ್ ಹಾಕಿಸಿಕೊಂಡು ಮಲಗಿದ್ದ ಜೋಳವನ್ನು ನೋಡಿ ನನಗೆ ಅಳು ಬರುವಂತಾಗಿತ್ತು. ಅದು ಸತ್ತುಹೋದರೆ ಅವ್ವನಿಗೆ ಯಾವ ಮುಖ ತೋರಿಸಲಿ? ಅವರು ಬೆರಳಿಟ್ಟು ತೋರಿಸಿದ ಕಡೆಗೆಲ್ಲ ಸಹಿ ಹಾಕಿದೆ. ಎಂಟು ಗಂಟೆಗೆ ಆಪರೇಷನ್ ಎಂದು ಹೊಟ್ಟೆಯ ಕೂದಲು ಬೋಳಿಸಿದರು. ಆಗ ತಡೆಯಲಾರದೆ ಅವ್ವನಿಗೆ ಫೋನ್ ಮಾಡಿದೆ.

ಏಳು ಗಂಟೆಗೆ ಅವ್ವ ಬಂದಳು. ಕೈಕಾಲು ತೊಳೆದು ವಿಭೂತಿ ಹಚ್ಚಿಕೊಂಡು, ನಾಯಿಯ ಪಕ್ಕದ ಸ್ಟೀಲ್ ಕುರ್ಚಿಯಲ್ಲಿ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕುಳಿತಳು. ಆಮೇಲೆ ತಂಗಿ ಕಟ್ಟಿಕೊಟ್ಟಿದ್ದ ಡಬ್ಬಿ ತೆಗೆದು ಒಂದು ತುತ್ತು ತಾನು ತಿಂದು, ಅರ್ಧ ರೊಟ್ಟಿ ಮುರಿದು ಕೆಳಗೆ ಹಿಡಿದಳು. ಜೋಳ ಡ್ರಿಪ್ಪಿನ ಕಾಲು ಎತ್ತಿಕೊಂಡೇ ಎದ್ದು ಅದನ್ನು ತಿಂದಿತು, ಇನ್ನೂ ಒಂದೂವರೆ ರೊಟ್ಟಿ ತಿಂದು ಡಬ್ಬಿಯನ್ನೂ ನೆಕ್ಕಿತು.

“ಇವತ್ತು ಸೋಮವಾರ ಐತಲ್ಲೋ ಕುಮಾರ,” ಎಂದಳು ಅವ್ವ, ನನ್ನ ಮುಖ ನೋಡದೆ. “ಸಂಜೀ ಪೂಜೆ ಆಗಿ ನಾನು ಉಣ್ಣೋತನಕ ಅದು ಯಾವತ್ತು ಉಂಡೈತಿ?”

ಸೋಮವಾರದ ಉಪವಾಸ ಬೇಡವೆಂದು ಅವ್ವನ ಸಕ್ಕರೆ ಕಾಯಿಲೆಯ ಡಾಕ್ಟರು ಮೂರು ವರ್ಷದ ಹಿಂದೆಯೇ ಹೇಳಿದ್ದರು. ಬಿಟ್ಟಿದ್ದೇನೆ ಎಂದು ಅವಳು ನನಗೆ ಮಾತು ಕೊಟ್ಟಿದ್ದಳು. ಬಿಟ್ಟಿರಲಿಲ್ಲ. ಸಂಜೆ ದೀಪ ಹಚ್ಚುವ ತನಕ ಬರೀ ನೀರು ಕುಡಿದುಕೊಂಡೇ ಇರುತ್ತಿದ್ದಳು, ಜೊತೆಗೆ ಈ ನಾಯಿಯೂ.

ಕ್ಲಿನಿಕ್ಕಿನ ಡಾಕ್ಟರು ಇದನ್ನೆಲ್ಲ ನೋಡಿ, ಡ್ರಿಪ್ ಚೆನ್ನಾಗಿ ಕೆಲಸ ಮಾಡಿದೆ ಎಂದರು. ಆಪರೇಷನ್ ಕೋಣೆ ಸಿದ್ಧಪಡಿಸಿದ ಬಾಬ್ತನ್ನೂ ಬಿಲ್ಲಿಗೆ ಸೇರಿಸಿದರು. ಬೆಟ್ಟ ಅಗೆದು ಇಲಿ ಹಿಡಿದರು ಎನ್ನುವುದು ಗಾದೆ, ಇಲ್ಲಿ ಇಲಿಯೂ ಇರಲಿಲ್ಲ. ಮರುದಿನ ಮೊಬೈಲಿಗೆ ಸಂದೇಶ ಬಂತು: ಮುಂದಿನ ಸೋಮವಾರ ಮರುತಪಾಸಣೆ, ದಯವಿಟ್ಟು ಖಾಲಿ ಹೊಟ್ಟೆಯಲ್ಲಿ ಕರೆತನ್ನಿ.

ಎಲ್ಲ ಪಶುವೈದ್ಯರೂ ಹೀಗೆ ಎಂದು ನಾನು ಹೇಳುತ್ತಿಲ್ಲ. ಮೂಗು ಮುಟ್ಟಿ, ಹೊಟ್ಟೆ ಒತ್ತಿ ನೋಡಿ, ಒಂದು ದಿನ ಕಾಯಿರಿ ಎಂದು ಮನೆಗೆ ಕಳಿಸುವವರೂ ಈ ಊರಲ್ಲಿದ್ದಾರೆ. ಉಳಿದವರಿಗಾಗಿ ತಾವು ಒಂದು ಆದೇಶ ಹೊರಡಿಸಬೇಕು. ಯಾವ ಪರೀಕ್ಷೆ ಏತಕ್ಕೆ, ಅದಕ್ಕೆ ಎಷ್ಟು ಎಂದು ಮೊದಲೇ ಬರೆದು ಕೊಡಬೇಕು. ಜೀವಕ್ಕೆ ತಕ್ಷಣದ ಅಪಾಯವಿಲ್ಲದಿದ್ದರೆ, ಇನ್ನೊಬ್ಬ ವೈದ್ಯರನ್ನು ಕೇಳದೆ ಕತ್ತಿ ಎತ್ತಬಾರದು. ಎಲ್ಲಕ್ಕಿಂತ ಮೊದಲು, ಈ ಪ್ರಾಣಿಗೆ ದಿನಾ ಊಟ ಹಾಕುವವರು ಯಾರು ಎಂದು ಕೇಳಿ ಅವರೊಡನೆ ಮಾತಾಡಬೇಕು.

ಆ ಡಾಕ್ಟರು ಹಾಗೆ ಕೇಳಿದ್ದರೆ ನಾನು ತಲೆ ತಗ್ಗಿಸಬೇಕಾಗುತ್ತಿತ್ತು ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ. ನಾಯಿ ಒಂದು ಹೊತ್ತು ಉಣ್ಣಲಿಲ್ಲವೆಂದು ಅರ್ಧ ಬೆಂಗಳೂರು ಒಂದು ಮಾಡಿದವನು, ಈ ಮೂರು ವರ್ಷದಲ್ಲಿ ಒಂದು ಸೋಮವಾರವೂ ಅವ್ವನನ್ನು ಊಟ ಆಯ್ತೇನವ್ವಾ ಎಂದು ಕೇಳಿರಲಿಲ್ಲ.

ಇಂತಿ,
ಅಲ್ಲಿ ಓದದೆ ಸಹಿ ಹಾಕಿ, ಇಲ್ಲಿ ಎರಡು ಸಲ ಓದಿ ಸಹಿ ಹಾಕಿರುವ
ಬಸವಕುಮಾರ್
ಬಸವೇಶ್ವರನಗರ