ಹನ್ನಾಳ ಅಮ್ಮ

ಗೋಥೆನ್‌ಬರ್ಗ್
ಮೇ 11, 2025

ಪ್ರೀತಿಯ ಅಮ್ಮನಿಗೆ,

ಪ್ರೀತಿಯ ಅಂತ ಬರೆದ ಮೇಲೆ ಹೊಡೆದುಹಾಕೋಣ ಅನ್ನಿಸಿತು, ಅಭ್ಯಾಸ ಬಿಡಲಿಲ್ಲ. ನಿನ್ನ ಫೋನ್ ಎತ್ತುತ್ತಿಲ್ಲ, ಗೊತ್ತು. ಎತ್ತಿದರೆ ನೀನು ಅಳುತ್ತೀಯ, ನಾನು ಕರಗುತ್ತೇನೆ. ಅದಕ್ಕೇ ಈ ಕಾಗದ.

ಜನವರಿಯಲ್ಲಿ ನಿನಗೆ ಹೇಳಿದ್ದೆ: ಇತಿಹಾಸದ್ದೊಂದು ಸಣ್ಣ ಕೋರ್ಸು, ನೂರು ವರ್ಷಕ್ಕೂ ಹಿಂದಿನ ಅಮೆರಿಕದ ಕಾರ್ಖಾನೆ ಬದುಕು ತಿಳಿಯಲು ಕಲ್ಪನೆಯ ಪತ್ರ ಬರೆಯಬೇಕು ಅಂತ. ನಾನು ಹನ್ನಾ, ಸ್ವೀಡನ್ನಿನ ಹಳ್ಳಿಯಿಂದ ಮ್ಯಾಸಚೂಸೆಟ್ಸ್‌ನ ಬಟ್ಟೆ ಗಿರಣಿಗೆ ಹೋದವಳು. ನೀನು ಊರಲ್ಲೇ ಉಳಿದ ಅವಳ ಅಮ್ಮನಾಗಿ ಉತ್ತರ ಬರೆಯುವವಳು. ಎಷ್ಟು ಉತ್ಸಾಹ ನಿನಗೆ! ಆಫೀಸಿನ ಫಿಕಾ, ಆ ಕಾಫಿ ವಿರಾಮವನ್ನೂ ಬಿಟ್ಟು ಗಿರಣಿಗಳ ಬಗ್ಗೆ ಓದುತ್ತಿದ್ದೆಯಂತೆ. ನೂಲು ಒಣಗಿ ತುಂಡಾಗುತ್ತದೆ ಅಂತ ಅಲ್ಲಿ ಕಿಟಕಿ ತೆರೆಯಲು ಬಿಡುತ್ತಿರಲಿಲ್ಲ ಅನ್ನುವುದನ್ನು ನನಗೆ ಹೇಳಿಕೊಟ್ಟವಳೇ ನೀನು.

ಮಾರ್ಚಿನಲ್ಲಿ ಹನ್ನಾ ಬರೆದಳು, ಹತ್ತಿಯ ಧೂಳಿಗೆ ಎದೆ ಕಟ್ಟುತ್ತಿದೆ, ಗಿರಣಿ ಬಿಟ್ಟು ಹೊಲಿಗೆ ಕಲಿಯಲಾ ಅಂತ. ಬಿಟ್ಟುಬಿಡು ಮಗಳೇ, ಯಾರಿಗೂ ಹೆದರಬೇಡ, ಅಪ್ಪನಿಗೆ ನಾನು ಹೇಳಿಕೊಳ್ಳುತ್ತೇನೆ ಅಂತ ನಿನ್ನ ಉತ್ತರ ಬಂತು. ಓದಿ ಟ್ರಾಮಿನಲ್ಲೇ ಅತ್ತೆ. ಆ ಧೈರ್ಯದ ಮೇಲೇ ನಿನಗೆ ನಿಜ ಹೇಳಿದ್ದು: ಲಿಂಡ್‌ಹೋಲ್ಮೆನ್ ಕ್ಯಾಂಪಸ್ಸಿನ ಸಾಫ್ಟ್‌ವೇರ್ ಓದು ಬಿಟ್ಟಿದ್ದೇನೆ, ಟೀಚರ್ ಆಗಲು ಓದುತ್ತಿದ್ದೇನೆ, ಆ ಸಣ್ಣ ಕೋರ್ಸು ಅದರದ್ದೇ. ಬೇಸಿಗೆ ರಜೆಯಲ್ಲಿ ಅಪ್ಪನಿಗೆ ನಾನೇ ಹೇಳುತ್ತೇನೆ, ಅಲ್ಲಿಯವರೆಗೆ ಹೊಟ್ಟೆಯಲ್ಲಿಟ್ಟುಕೋ ಅಂತ ಬೇಡಿಕೊಂಡೆ. ಆಯ್ತು ಪುಟ್ಟಾ, ನಿನ್ನಾಣೆಗೂ ಹೇಳಲ್ಲ ಅಂದವಳು ನೀನು.

ಮೊನ್ನೆ ಗುರುವಾರ ಬಾಗಿಲು ತೆರೆದರೆ ಅಪ್ಪ. ಸೋಲ್ನಾದ ಮನೆಯಿಂದ ಹೇಳದೆ ಕೇಳದೆ ರೈಲು ಹತ್ತಿ ಬಂದಿದ್ದರು. ನೀನು ಟೀಚರ್ ಆಗಲಿ ಅಂತಲಾ ನಾವು ಈ ಚಳೀಲಿ ಒದ್ದಾಡಿದ್ದು ಅಂದರು. ಜೂನ್ ಮುಗಿಯುವುದರೊಳಗೆ ರೂಮು ಖಾಲಿ ಮಾಡಿ ಮನೆಗೆ ಬರಬೇಕಂತೆ, ಮತ್ತೆ ಸಾಫ್ಟ್‌ವೇರ್ ಸೇರಬೇಕಂತೆ. ಆಮೇಲೆ ಚೀಲದಿಂದ ನೀನು ಕಳಿಸಿದ ಪುಳಿಯೋಗರೆ ಗೊಜ್ಜಿನ ಡಬ್ಬಿ ತೆಗೆದರು. ಮಗುವನ್ನು ಚಿವುಟುವವಳೂ ನೀನೇ, ತೊಟ್ಟಿಲು ತೂಗುವವಳೂ ನೀನೇ! ಆ ಸಂಜೆ ಫೋನ್ ಮಾಡಿ, ಹನ್ನಾಗೆ ಹಾಗೆ ಬರೆದವಳು ನೀನೇ ಅಲ್ವಾ ಅಂತ ಕೇಳಿದರೆ, ಅದು ಕಥೆ ಕಣೇ, ನಿನ್ನ ಮಾರ್ಕ್ಸಿಗೆ ಅಂತ ಬರೆದದ್ದು, ಅದನ್ನೆಲ್ಲ ನಿಜ ಅಂದ್ಕೊಳ್ಳೋದಾ ಅಂದೆಯಲ್ಲ.

ಅಪ್ಪನ ಮೇಲೆ ನನಗೆ ಸಿಟ್ಟಿಲ್ಲ. ಅವರು ಹನ್ನಾಗೆ ಯಾವತ್ತೂ ಕಾಗದ ಬರೆದವರಲ್ಲ. ಮೋಸ ಮಾಡಿದವಳು ನೀನು, ಅಮ್ಮಾ.

ನಾನು ರೂಮು ಖಾಲಿ ಮಾಡುವುದಿಲ್ಲ. ಇಲ್ಲೇ ಹತ್ತಿರದ ದಾಗಿಸ್‌ನಲ್ಲಿ, ಅಂದರೆ ಶಿಶುವಿಹಾರದಲ್ಲಿ, ಮಧ್ಯಾಹ್ನದ ಮೇಲೆ ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿದೆ. ಗೊಜ್ಜು ಮುಗಿಯಿತು. ಚೆನ್ನಾಗಿತ್ತು, ಅದಕ್ಕೂ ಸಿಟ್ಟು ಬಂತು.

ನೀನೇ ಹೆತ್ತ ಮಗಳು,
ದಿಶಾ

ಮತ್ತೊಂದು ಮಾತು: ಕಳೆದ ಸೋಮವಾರ ನಮ್ಮಿಬ್ಬರ ಪತ್ರಗಳನ್ನು ಸ್ವೀಡಿಷ್‌ನಲ್ಲಿ ತರಗತಿಗೆ ಓದಿದೆ. ಹನ್ನಾ ಚೆನ್ನಾಗಿ ಬಂದಿದ್ದಾಳೆ, ಅವಳ ಅಮ್ಮನನ್ನು ಮಾತ್ರ ನಂಬುವುದು ಕಷ್ಟ, ಅಂಥ ತಾಯಿ ಇದ್ದಿರಲಾರಳು ಅಂದರು ಮೇಷ್ಟ್ರು. ನಾನು ಎದ್ದು ನಿಂತು ಜಗಳವಾಡಿದೆ, ಇರುತ್ತಾಳೆ, ನನ್ನ ಅಮ್ಮ ಹಾಗೇ ಇದ್ದಾಳೆ ಅಂತ. ನೀನು ಅಪ್ಪನಿಗೆ ಎಲ್ಲ ಹೇಳಿದ್ದು ಅದರ ಹಿಂದಿನ ದಿನವಂತೆ.